ಕೇರ್ನ್ಸ್, ಡೇಂಟ್ರಿ, ಹವಳದ ದಿಬ್ಬ: ಇಬ್ಬರೇ ಕಾರಿನಲ್ಲಿ ಎಂಟು ದಿನ ಸುತ್ತುವ ಕ್ರಮ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗಕ್ಕೆ ಹೋಗಿಬಂದ ಗಂಡಹೆಂಡಿರು ನನ್ನ ಹತ್ತಿರ ಹೇಳಿಕೊಳ್ಳುವ ದೂರುಗಳು ಮೂರೇ. ಕೊನೆಯ ದಿನ ಗಾಳಿ ಜೋರಾಗಿ ದೋಣಿ ರದ್ದಾಯಿತು, ಹವಳ ನೋಡಲೇ ಇಲ್ಲ. ಡೇಂಟ್ರಿ ಮಳೆಕಾಡಿನೊಳಗಿನ ಕೇಪ್ ಟ್ರಿಬ್ಯುಲೇಷನ್‌ಗೆ ಬೆಳಗ್ಗೆ ಹೋಗಿ ಸಂಜೆ ಬಂದೆವು, ಕಾರಿನ ಗಾಜಿನಾಚೆಗಿನ ಹಸಿರು ಬಿಟ್ಟರೆ ಏನೂ ನೆನಪಿಲ್ಲ. ಡೇಂಟ್ರಿ ನದಿ ದಾಟಿದ ಮೇಲೆ ಫೋನೂ ಸತ್ತಿತು, ಪೆಟ್ರೋಲೂ ತಳ ಕಂಡಿತು, ಇಬ್ಬರಿಗೂ ಜಗಳವಾಯಿತು.

ಮೂರಕ್ಕೂ ಬೇರು ಒಂದೇ, ದಿನಗಳ ಕ್ರಮ ತಿರುಗುಮುರುಗಾಗಿರುವುದು. ಇದರಲ್ಲಿ ಮೊದಲ ತಪ್ಪನ್ನು ನಾವೂ ಮಾಡಿದ್ದೇವೆ. ಮೊದಲ ಸಲ ಹೋದಾಗ ‘ಒಳ್ಳೆಯದು ಕೊನೆಗಿರಲಿ’ ಅಂತ ಸಮುದ್ರದ ದಿನವನ್ನು ಕೊನೆಗಿಟ್ಟು, ಧಕ್ಕೆಯಲ್ಲಿ ನಿಂತು ಹಣ ವಾಪಸು ಪಡೆದು ವಿಮಾನ ಹತ್ತಿದೆವು. ಆಮೇಲೆ ಮತ್ತೆ ಎರಡು ಸಲ ಹೋಗಿದ್ದೇವೆ. ಅದರಿಂದ ಕಲಿತದ್ದು ಕೆಳಗಿದೆ, ಮಾಡಬೇಕಾದ ಕ್ರಮದಲ್ಲೇ.

ಹಂತ 1: ತಿಂಗಳು ಆರಿಸಿ

ಇಲ್ಲಿ ಇರುವುದು ಎರಡೇ ಕಾಲ. ಮೇಯಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ, ಹವೆ ಹಿತ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಸೆಕೆ, ಚಂಡಮಾರುತದ ಭಯ. 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತ ಬಂದಾಗ ಗುಡ್ಡ ಕುಸಿದು ಈ ಕರಾವಳಿ ರಸ್ತೆಯೇ ಮುಚ್ಚಿತ್ತು. ಆಗುಂಬೆ ಕಡೆಯವರಿಗೆ ಮಳೆ ಹೊಸದಲ್ಲ. ಆದರೆ ಇಲ್ಲಿ ಕಾಡಿನೊಳಕ್ಕೆ ಇರುವುದು ಒಂದೇ ಡಾಂಬರು ರಸ್ತೆ. ಹಳ್ಳ ಉಕ್ಕಿದರೆ ಸುತ್ತುಹಾಕಿ ಬರುವ ದಾರಿ ಬಾಡಿಗೆ ಕಾರಿಗಿಲ್ಲ.

ಜೆಲ್ಲಿಫಿಶ್ ಲೆಕ್ಕವನ್ನೂ ಸೇರಿಸಿಕೊಳ್ಳಿ. ನವೆಂಬರ್‌ನಿಂದ ಮೇವರೆಗೆ ದಡದ ನೀರಿನಲ್ಲಿ ಬಾಕ್ಸ್ ಜೆಲ್ಲಿಫಿಶ್ ಇರುತ್ತವೆ. ಅವುಗಳ ಕುಟುಕು ಪ್ರಾಣ ತೆಗೆಯಬಲ್ಲದು.

ಹಾಗಂತ ಜೂನ್, ಜುಲೈ ಎಲ್ಲದಕ್ಕೂ ಒಳ್ಳೆಯದೂ ಅಲ್ಲ. ಚಳಿಗಾಲದಲ್ಲಿ ಆಗ್ನೇಯ ದಿಕ್ಕಿನ ಗಾಳಿ ದಿನಗಟ್ಟಲೆ ಬೀಸಿ ಸಮುದ್ರ ಕದಡುತ್ತದೆ. ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಶಾಲಾ ರಜೆ, ಜನಜಂಗುಳಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲರ್ಧ. ಆಗಲಿಲ್ಲವೆಂದರೆ ಮೇ ಕೊನೆ.

ಹಂತ 2: ದಿನಗಳನ್ನು ಬರೆದುಕೊಳ್ಳಿ, ಆಮೇಲೆ ಬುಕ್ ಮಾಡಿ

ಕೇರ್ನ್ಸ್‌ನಿಂದ ಕೇಪ್ ಟ್ರಿಬ್ಯುಲೇಷನ್ ಸುಮಾರು 140 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟು. ಮೋಸ ಹೋಗುವುದು ಇಲ್ಲಿಯೇ. ‘ಅಷ್ಟೇ ತಾನೆ, ಹೋಗಿ ಬಂದುಬಿಡೋಣ’ ಅನ್ನುತ್ತಾರೆ. ನಡುವೆ ನದಿ ದಾಟಬೇಕು, ಬೆಟ್ಟದ ತಿರುವುಗಳಿವೆ, ಪ್ರತಿ ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಬೇಕು ಅನ್ನಿಸುವ ಜಾಗವಿದೆ. ಕಾಡಿನಲ್ಲಿ ಎರಡು ರಾತ್ರಿ ಇರದಿದ್ದರೆ ಹೋಗುವುದೇ ಬೇಡ.

ಕ್ರಮ ಹೀಗಿರಲಿ. ಮೊದಲ ದಿನ ಕೇರ್ನ್ಸ್ ತಲುಪಿ ಮಲಗಿ. ಎರಡನೆಯ ದಿನ ಹವಳದ ದಿಬ್ಬ, ಅಂದರೆ ಗ್ರೇಟ್ ಬ್ಯಾರಿಯರ್ ರೀಫ್. ಮೂರನೆಯ ದಿನ ಖಾಲಿ. ಹೌದು, ಖಾಲಿಯೇ. ಗಾಳಿಯಿಂದ ದೋಣಿ ನಿಂತರೆ ಮಾರನೆಯ ದಿನಕ್ಕೆ ಹಾಕಿಸಿಕೊಳ್ಳಲು ಇದು ಬೇಕು. ನಾಲ್ಕನೆಯ ದಿನ ಬೆಳಗ್ಗೆ ಕಾರು ತೆಗೆದುಕೊಂಡು ಉತ್ತರಕ್ಕೆ. ಅಂದು ಮತ್ತು ಮರುದಿನ ರಾತ್ರಿ ಡೇಂಟ್ರಿ ನದಿಯಾಚೆ, ಕೌ ಬೇ ಅಥವಾ ಕೇಪ್ ಟ್ರಿಬ್ಯುಲೇಷನ್‌ನಲ್ಲಿ. ಆರನೆಯ ದಿನ ವಾಪಸು ಬರುವಾಗ ಕರಾವಳಿ ಬಿಟ್ಟು ಘಟ್ಟ ಹತ್ತಿ ಅಥರ್ಟನ್ ಟೇಬಲ್‌ಲ್ಯಾಂಡ್ ಎಂಬ ಪ್ರಸ್ಥಭೂಮಿ. ಅಲ್ಲಿ ಎರಡು ರಾತ್ರಿ. ಎಂಟನೆಯ ದಿನ ಇಳಿದು ಕೇರ್ನ್ಸ್, ವಿಮಾನ.

ಸಮುದ್ರ ಮೊದಲು, ಘಟ್ಟ ಕೊನೆಗೆ ಅನ್ನುವುದಕ್ಕೆ ಗಾಳಿಯೊಂದೇ ಕಾರಣವಲ್ಲ. ನೀರಿನಡಿ ಸಿಲಿಂಡರ್ ಕಟ್ಟಿಕೊಂಡು ಡೈವ್ ಮಾಡಿದರೆ ರಕ್ತದಲ್ಲಿ ನೈಟ್ರೋಜನ್ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮೊದಲು ಎತ್ತರಕ್ಕೆ ಹೋದರೆ ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ. ಡೈವ್ ಆದ ಮೇಲೆ 18 ಗಂಟೆ ವಿಮಾನ ಹತ್ತಬೇಡಿ ಅನ್ನುವುದು ಬಹಳ ಜನಕ್ಕೆ ಗೊತ್ತು. ಕಾರಿನಲ್ಲಿ 300 ಮೀಟರ್‌ಗಿಂತ ಮೇಲೆ ಹೋಗುವುದೂ ಅದೇ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮರೆಯುತ್ತಾರೆ. ಟೇಬಲ್‌ಲ್ಯಾಂಡ್ 700 ಮೀಟರ್ ದಾಟುತ್ತದೆ. ಮೊದಲ ಸಲದ, ತರಬೇತುದಾರರು ಕೈಹಿಡಿದು ಮಾಡಿಸುವ ಡೈವ್‌ಗೂ ಈ ನಿಯಮವಿದೆ. ಬರೀ ಸ್ನಾರ್ಕಲ್ ಎಂಬ ಉಸಿರುಕೊಳವೆ ಹಾಕಿ ಮೇಲೆ ತೇಲಿದವರಿಗೆ ಈ ಚಿಂತೆ ಇಲ್ಲ.

ಹಂತ 3: ಕಾಗದಪತ್ರ ಮತ್ತು ಕಾರು

ಭಾರತದಿಂದ ಪ್ರವಾಸಿಯಾಗಿ ಬರುವವರು ನಮ್ಮ ಲೈಸೆನ್ಸ್‌ನಲ್ಲೇ ಕ್ವೀನ್ಸ್‌ಲ್ಯಾಂಡಿನಲ್ಲಿ ಓಡಿಸಬಹುದು. ಕಾರ್ಡು ಇಂಗ್ಲಿಷ್‌ನಲ್ಲಿದ್ದರೆ ಸಾಕು, ಅನುವಾದ ಬೇಡ. ತೊಡಕು ಹೆಸರಿನಲ್ಲಿ. ಲೈಸೆನ್ಸ್‌ನಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದದ್ದು, ಕ್ರೆಡಿಟ್ ಕಾರ್ಡ್‌ನಲ್ಲಿ ಮೂರನೆಯದೇ ರೂಪ! ಬಾಡಿಗೆ ಕಾರಿನ ಕೌಂಟರ್‌ನಲ್ಲಿ ಕೂತ ಹುಡುಗನಿಗೆ ನಮ್ಮ ಇನಿಷಿಯಲ್ ಪದ್ಧತಿ ವಿವರಿಸುವುದು ಸುಲಭವಲ್ಲ. ಆರ್‌ಟಿಒದಲ್ಲಿ ಒಂದು ವರ್ಷದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸುವಾಗ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ಬರೆಸಿಕೊಳ್ಳಿ. ಠೇವಣಿ ಹಿಡಿಯುವುದು ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಮೇಲೆ. ಹೆಂಡತಿಯ ಕಾರ್ಡು, ಗಂಡನ ಲೈಸೆನ್ಸ್ ಅಂದರೆ ಅಲ್ಲೇ ನಿಂತಿರಿ.

ಇಬ್ಬರ ಹೆಸರನ್ನೂ ಚಾಲಕರಾಗಿ ಹಾಕಿಸಿ. ಸ್ವಲ್ಪ ಹೆಚ್ಚು ದುಡ್ಡಾದರೂ ಪರವಾಗಿಲ್ಲ. ಒಬ್ಬರೇ ಓಡಿಸಿದರೆ ಆ ಒಬ್ಬರು ರಸ್ತೆಯ ಬಿಳಿ ಗೆರೆ ಬಿಟ್ಟು ಬೇರೇನೂ ನೋಡಿರುವುದಿಲ್ಲ.

ಈ ದಾರಿಗೆ ಮಾಮೂಲಿ ಕಾರು ಸಾಕು. ಕೇಪ್ ಟ್ರಿಬ್ಯುಲೇಷನ್‌ವರೆಗೆ ಡಾಂಬರಿದೆ. ಅದರಾಚೆ ಕುಕ್‌ಟೌನ್ ಕಡೆಗೆ ಹೋಗುವ ಬ್ಲೂಮ್‌ಫೀಲ್ಡ್ ದಾರಿ ಫೋರ್-ವೀಲ್-ಡ್ರೈವ್‌ನದು, ಕಡಿದಾದ ಮಣ್ಣಿನ ಏರು, ಹಳ್ಳಕ್ಕೆ ಇಳಿದೇ ದಾಟಬೇಕು. ಬಾಡಿಗೆ ಕರಾರಿನಲ್ಲಿ ಮೂರು ಸಂಗತಿ ಹುಡುಕಿ ಓದಿ: ಮಣ್ಣುರಸ್ತೆಗೆ ವಿಮೆ ಇದೆಯೇ, ನೀರು ನುಗ್ಗಿ ಕೆಟ್ಟರೆ ಯಾರ ಹೊಣೆ, ಟೈರು ಮತ್ತು ಗಾಜು ಸೇರಿದೆಯೇ. ಮೂರಕ್ಕೂ ಉತ್ತರ ಸಾಮಾನ್ಯವಾಗಿ ನಿಮ್ಮ ವಿರುದ್ಧವೇ ಇರುತ್ತದೆ. ಕಾರು ತೆಗೆದುಕೊಳ್ಳುವಾಗ ಸುತ್ತಲೂ ವಿಡಿಯೊ ಮಾಡಿ, ಚಕ್ರದ ಅಂಚು ಮತ್ತು ಛಾವಣಿ ಬಿಡಬೇಡಿ.

ಎಡಗಡೆಯ ಸಂಚಾರ, ನಮಗೆ ಸಲೀಸು. ಅದೇ ಧೈರ್ಯದಲ್ಲಿ ಎಡವುವುದು ವೃತ್ತಗಳಲ್ಲಿ. ಬಲದಿಂದ ಬರುತ್ತಿರುವ ಗಾಡಿಗೆ ದಾರಿ ಬಿಟ್ಟು ಆಮೇಲೆ ನುಗ್ಗಬೇಕು. ಫಲಕವಿಲ್ಲದ ಊರೊಳಗಿನ ರಸ್ತೆಗೆ 50 ಮಿತಿ. ಫೋನ್ ಕೈಯಲ್ಲಿ ಹಿಡಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡ ಸಾವಿರ ಡಾಲರ್ ದಾಟುತ್ತದೆ. ಪಕ್ಕದಲ್ಲಿ ಕೂತವರು ನಿದ್ದೆಗೆ ಜಾರುತ್ತ ಸೀಟ್‌ಬೆಲ್ಟನ್ನು ಕಂಕುಳ ಕೆಳಗೆ ಸಿಕ್ಕಿಸಿಕೊಂಡರೆ ಅದೂ ಸರಿಯಾಗಿ ಹಾಕದ ಲೆಕ್ಕ, ಕ್ಯಾಮೆರಾಗೆ ಅದೂ ಕಾಣುತ್ತದೆ.

ಹಂತ 4: ಡಿಕ್ಕಿಯಲ್ಲಿ ಇರಬೇಕಾದದ್ದು

ಸೊಳ್ಳೆಗೆ ಹಚ್ಚುವ ಮುಲಾಮು, ತೆಳು ಮಳೆಅಂಗಿ, ಮುಚ್ಚಿದ ಚಪ್ಪಲಿ ಅಥವಾ ಶೂ, ಟಾರ್ಚ್, ಕುಡಿಯುವ ನೀರು, ಒಂದು ಬಾಟಲಿ ಬಿಳಿ ವಿನೆಗರ್. ವಿನೆಗರ್ ಅಡುಗೆಗಲ್ಲ, ಜೆಲ್ಲಿಫಿಶ್ ಕುಟುಕಿದರೆ ಹೊಯ್ಯಲು. ಫೋನಿನಲ್ಲಿ ಈ ಪ್ರದೇಶದ ನಕ್ಷೆ ಇಳಿಸಿಕೊಂಡಿರಿ, ಉಳಿಯುವ ಜಾಗದ ವಿಳಾಸ ಒಂದು ಚೀಟಿಯಲ್ಲಿ ಬರೆದಿಡಿ. ಉಪ್ಪನ್ನೂ ಸ್ವಲ್ಪ ಇಟ್ಟುಕೊಳ್ಳಿ. ಈ ಕಾಡಿನಲ್ಲೂ ಇಂಬಳಗಳಿವೆ, ಮಲೆನಾಡಿನವರಿಗೆ ಮುಂದಿನದು ಹೇಳಬೇಕಿಲ್ಲ.

ಊಟ: ಸಸ್ಯಾಹಾರಿಗಳು ಅಡುಗೆಮನೆ ಇರುವ ಕ್ಯಾಬಿನ್ ಹಿಡಿಯಿರಿ. ಕೊನೆಯ ದೊಡ್ಡ ಸೂಪರ್‌ಮಾರ್ಕೆಟ್ ಮಾಸ್‌ಮನ್ ಊರಿನಲ್ಲಿ. ಅಕ್ಕಿ, ತರಕಾರಿ, ಮೊಸರು ಅಲ್ಲೇ ತುಂಬಿಕೊಳ್ಳಿ. ನದಿಯಾಚೆ ಸಿಗುವುದು ಸಣ್ಣ ಅಂಗಡಿ, ಬೆಲೆಯೂ ಹೆಚ್ಚು. ಊರಿನಿಂದ ತಿಂಡಿ ಕಟ್ಟಿಕೊಂಡು ಬರುವವರು ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಎಲ್ಲವನ್ನೂ ನಮೂದಿಸಿ. ಹಸಿ ಕರಿಬೇವು, ಹಾಲಿನ ಸಿಹಿತಿಂಡಿ ಒಳಗೆ ಬಿಡುವುದಿಲ್ಲ. ಹೇಳಿದರೆ ಕಸದ ಬುಟ್ಟಿಗೆ ಹೋಗುತ್ತದೆ ಅಷ್ಟೇ, ಮುಚ್ಚಿಟ್ಟರೆ ದಂಡ.

ಹಂತ 5: ಮೊದಲು ಸಮುದ್ರ

ಗ್ರೇಟ್ ಬ್ಯಾರಿಯರ್ ರೀಫ್ 2,300 ಕಿಲೋಮೀಟರ್ ಉದ್ದದ್ದು, ಬಿಡಿಬಿಡಿಯಾದ ಸುಮಾರು ಮೂರು ಸಾವಿರ ದಿಬ್ಬಗಳ ಸಾಲು. ಆದ್ದರಿಂದ ‘ರೀಫ್ ನೋಡಬೇಕು’ ಅಂತ ಟಿಕೆಟ್ ಕೊಳ್ಳಬೇಡಿ, ಯಾವ ದಿಬ್ಬ, ಯಾವ ಬಗೆಯ ದೋಣಿ ಅಂತ ಕೇಳಿ ಕೊಳ್ಳಿ.

ಇಬ್ಬರಲ್ಲಿ ಒಬ್ಬರಿಗಾದರೂ ಈಜು ಬಾರದಿದ್ದರೆ ಎರಡು ದಾರಿ. ಒಂದು, ಕೇರ್ನ್ಸ್‌ನಿಂದ ಮುಕ್ಕಾಲು ಗಂಟೆ ದೂರದ ಗ್ರೀನ್ ಐಲ್ಯಾಂಡ್. ಮರಳಿನ ದಡದಿಂದ ನಡೆದೇ ನೀರಿಗಿಳಿಯಬಹುದು, ಕಾಲಿಗೆ ನೆಲ ಸಿಗುತ್ತದೆ. ಇನ್ನೊಂದು, ಹೊರಗಿನ ದಿಬ್ಬದಲ್ಲಿ ಲಂಗರು ಹಾಕಿ ನಿಲ್ಲಿಸಿದ ತೇಲುವೇದಿಕೆ. ಅಲ್ಲಿಗೆ ಒಂದೂವರೆ ಗಂಟೆಗೂ ಮೇಲಿನ ಪಯಣ. ಹವಳ ಗ್ರೀನ್ ಐಲ್ಯಾಂಡಿಗಿಂತ ಬಹಳ ಚೆನ್ನಾಗಿದೆ, ನೀರಿಗೆ ಇಳಿಯದವರೂ ಗಾಜಿನ ಕಿಟಕಿಯ ದೋಣಿಯಲ್ಲಿ ಕೂತು ನೋಡಬಹುದು. ಇಬ್ಬರಿಗೂ ಈಜು ಚೆನ್ನಾಗಿ ಬಂದರೆ ಸಣ್ಣ ದೋಣಿ ಆರಿಸಿ, ಎರಡು ಮೂರು ಕಡೆ ಇಳಿಸುತ್ತಾರೆ.

ಹಿಂದಿನ ಸಂಜೆ ಹವಾಮಾನ ಇಲಾಖೆಯ ಕರಾವಳಿ ಮುನ್ಸೂಚನೆ ನೋಡಿ. ಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ಒಳಗಿದ್ದರೆ ಖುಷಿ. 20 ದಾಟಿದರೆ ದೋಣಿ ಹೊರಡಬಹುದು, ಆದರೆ ಹೊಟ್ಟೆ ಕೇಳುವುದಿಲ್ಲ. 25ರ ಮೇಲಿದ್ದರೆ ಮೂರನೆಯ ದಿನಕ್ಕೆ ಹಾಕಿಸಿಕೊಳ್ಳಿ. ಬದಲಾಯಿಸಲು ಎಷ್ಟು ಗಂಟೆ ಮುಂಚೆ ಹೇಳಬೇಕು ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.

ವಾಂತಿ ಮಾತ್ರೆಯನ್ನು ದೋಣಿ ಹೊರಡುವ ಮುಂಚೆ ನುಂಗಬೇಕು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದ್ದು ಮಾತ್ರೆಯ ಸಮೇತ ವಾಪಸು ಬರುತ್ತದೆ. ಬೇರೆ ಔಷಧಿ ತೆಗೆದುಕೊಳ್ಳುವವರು, ಬಸುರಿಯರು ವೈದ್ಯರನ್ನು ಕೇಳಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಕೆಳ ಅಂತಸ್ತಿನಲ್ಲಿ ಹಿಂಬದಿಗೆ ಕೂತು ದಿಗಂತ ನೋಡುತ್ತಿರಿ. ಫೋನ್ ನೋಡಿದರೆ ಕೆಟ್ಟಿರಿ.

ದೋಣಿಯಲ್ಲಿ ಆರೋಗ್ಯದ ಫಾರ್ಮ್ ಕೊಡುತ್ತಾರೆ. ಬಿಪಿ, ಸಕ್ಕರೆ, ಆಸ್ತಮಾ, ಹೃದಯದ ತೊಂದರೆ ಇದ್ದರೆ ನಿಜ ಬರೆಯಿರಿ. ಬರೆದರೆ ಇಳಿಸುವುದಿಲ್ಲ ಅನ್ನುವ ಭಯಕ್ಕೆ ಮುಚ್ಚಿಡುವವರು ಬಹಳ. ಸ್ನಾರ್ಕಲ್‌ಗಾದರೆ ಸಾಮಾನ್ಯವಾಗಿ ತೇಲುವ ಉಡುಪು ಕೊಟ್ಟು, ಮೇಲ್ವಿಚಾರಕರಿಗೆ ಗುರುತು ಸಿಗುವಂತೆ ಮಾಡಿ ಇಳಿಸುತ್ತಾರೆ.

ಮೈಪೂರ್ತಿ ಮುಚ್ಚುವ ತೆಳು ಸ್ಟಿಂಗರ್ ಸೂಟ್ ಯಾವ ತಿಂಗಳಾದರೂ ಹಾಕಿಕೊಳ್ಳಿ. ಜೆಲ್ಲಿಫಿಶ್‌ಗೂ ಬಿಸಿಲಿಗೂ ಒಂದೇ ತಡೆ. ಈಜುಡುಗೆಯಲ್ಲಿ ಸಂಕೋಚಪಡುವ ನಮ್ಮಂಥವರಿಗೆ ಇದೊಂದು ವರ. ತಾಳಿಸರ, ಬಳೆ, ಉಂಗುರ ರೂಮಿನಲ್ಲೇ ಬಿಟ್ಟು ಬನ್ನಿ. ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರಿದರೆ ಮೀನಿನ ಪಾಲು.

ಇನ್ನು ಮಾಸ್ಕ್. ಸ್ನಾರ್ಕಲ್ ಮಾಡಲಾಗದೆ ಮೇಲೆ ಬಂದವರಲ್ಲಿ ಹೆಚ್ಚಿನವರ ತೊಂದರೆ ಈಜಲ್ಲ, ಮಾಸ್ಕಿನದು. ದೋಣಿ ಹತ್ತುವ ಹಿಂದಿನ ದಿನ ಹೋಟೆಲಿನ ಕೊಳದಲ್ಲಿ ಎದೆಮಟ್ಟ ನೀರಲ್ಲಿ ನಿಂತು ಬಾಯಲ್ಲಿ ಉಸಿರಾಡುವುದನ್ನು ಅಭ್ಯಾಸ ಮಾಡಿ. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು ಕೈಬಿಡಿ. ಬೀಳದೆ ಅಂಟಿಕೊಂಡರೆ ಅಳತೆ ಸರಿ. ಪಟ್ಟಿ ಬಿಗಿಮಾಡಿದಷ್ಟೂ ನೀರು ಹೆಚ್ಚು ನುಗ್ಗುತ್ತದೆ, ಅಂಚು ಮಡಚಿಕೊಳ್ಳುತ್ತದೆ. ಕೂದಲು ಒಳಗೆ ಸಿಕ್ಕದಿರಲಿ. ಮೀಸೆಯವರಿಗೆ ಮೂಗಿನ ಕೆಳಗೇ ಸೋರುತ್ತದೆ.

ನಮ್ಮವರ ಮೀಸೆ ದೊಡ್ಡದು. ಎರಡನೆಯ ಸಲ ಹೋದಾಗ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು, ಮಾಸ್ಕ್ ತೆಗೆದು ಹಾಕಿ, ತೆಗೆದು ಹಾಕಿ, ಹಿಂದೆ ಸಾಲೇ ನಿಂತಿತ್ತು.

‘ರೀ, ಗಾಜಿಗೆ ಉಗುಳಿ ತೊಳೀರಿ, ಮಂಜು ಹಿಡಿಯಲ್ಲ’ ಅಂದೆ.

‘ಎಲ್ಲರ ಮುಂದೆ ಉಗುಳೋದೇನೇ?’

‘ಎಲ್ಲರೂ ಉಗುಳ್ತಿದ್ದಾರೆ, ನೋಡಿ ಆಕಡೆ.’

ಉಗುಳಿ, ಬೆರಳಲ್ಲಿ ಸವರಿ, ಸಮುದ್ರದ ನೀರಲ್ಲಿ ಅಲ್ಲಾಡಿಸಿ ಹಾಕಿಕೊಂಡರು. ಮಂಜು ಹೋಯಿತು, ಸೋರುವುದು ನಿಲ್ಲಲಿಲ್ಲ. ಮೂರನೆಯ ಸಲಕ್ಕೆ ಮೂಗಿನಡಿಯ ಒಂದು ಗೆರೆಯಷ್ಟು ಮೀಸೆ ಕತ್ತರಿಸಿಕೊಂಡು ಬಂದರು. ಆಗ ಒಂದು ಗಂಟೆ ನೀರಿನಿಂದ ಏಳಲೇ ಇಲ್ಲ.

ನೀರೊಳಗೆ ಇಬ್ಬರೂ ಜೊತೆಗೇ ಇರಿ, ಹತ್ತು ಹದಿನೈದು ಬಾರಿ ಕಾಲು ಬಡಿದ ಮೇಲೊಮ್ಮೆ ತಲೆ ಎತ್ತಿ ದೋಣಿ ಎಲ್ಲಿದೆ ನೋಡಿ. ಹವಳದ ಮೇಲೆ ನಿಲ್ಲಬಾರದು, ಅದು ಜೀವ. ಸುಸ್ತಾದರೆ ಬೆನ್ನ ಮೇಲೆ ತೇಲಿ, ಒಂದು ಕೈ ಎತ್ತಿ ಬೀಸಿದರೆ ಕಾವಲುಗಾರರು ಬರುತ್ತಾರೆ. ಬಣ್ಣದ ವಿಷಯದಲ್ಲಿ ಆಸೆ ಮಿತಿಯಲ್ಲಿರಲಿ. ಆಳಕ್ಕೆ ಹೋದಂತೆ ಕೆಂಪು ಮೊದಲು ಮಾಯವಾಗುತ್ತದೆ, ಎಲ್ಲವೂ ನೀಲಿ ಕಂದು. ಸಮುದ್ರ ಬಿಸಿಯಾಗಿ 2016, 2017, 2020, 2022, 2024ರಲ್ಲಿ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತು. ಅದರ ಗುರುತು ಕೆಲವೆಡೆ ಕಾಣಬಹುದು.

ಮೂರನೆಯ ದಿನ ಉಳಿಯಿತೇ? ಕೇರ್ನ್ಸ್‌ನಲ್ಲೇ ಇರಿ. ಡೈವ್ ಮಾಡಿದ್ದರೆ ಬೆಟ್ಟದ ಮೇಲಿನ ಕುರಾಂಡಾ ರೈಲಿಗೂ ಹೋಗಬೇಡಿ.

ಹಂತ 6: ಕರಾವಳಿ ರಸ್ತೆ

ನಾಲ್ಕನೆಯ ದಿನ ಎಂಟಕ್ಕೆ ಹೊರಡಿ. ಕ್ಯಾಪ್ಟನ್ ಕುಕ್ ಹೆದ್ದಾರಿ ಎಲಿಸ್ ಬೀಚ್ ದಾಟಿದ ಮೇಲೆ ಸಮುದ್ರಕ್ಕೆ ಅಂಟಿಕೊಂಡು ಓಡುತ್ತದೆ. ಒಂದು ಕಡೆ ಬೆಟ್ಟ, ಒಂದು ಕಡೆ ನೀರು, ಮರವಂತೆಯ ನೆನಪಾಗುತ್ತದೆ, ಆದರೆ ತಿರುವುಗಳು ಜಾಸ್ತಿ. ಹಿಂದೆ ಗಾಡಿಗಳ ಸಾಲು ಬೆಳೆದರೆ ಎಡಕ್ಕೆ ಬಿಡುವ ಜಾಗದಲ್ಲಿ ಸರಿದು ದಾರಿ ಕೊಡಿ. ನೋಟಕ್ಕೆ ನಿಲ್ಲುವುದು ರೆಕ್ಸ್ ಲುಕ್‌ಔಟ್‌ನಲ್ಲಿ, ರಸ್ತೆ ಅಂಚಲ್ಲಲ್ಲ.

ಮಾಸ್‌ಮನ್ ಗಾರ್ಜ್ ಎಂಬ ಹೊಳೆಕಣಿವೆಗೆ ನಿಮ್ಮ ಕಾರು ಒಳಗೆ ಹೋಗುವುದಿಲ್ಲ. ಕೇಂದ್ರದಲ್ಲಿ ನಿಲ್ಲಿಸಿ ಅವರ ಬಸ್ಸಿನಲ್ಲಿ ಹೋಗಬೇಕು. ಈ ನೆಲ ಕುಕು ಯಲಂಜಿ ಎಂಬ ಮೂಲನಿವಾಸಿ ಜನರದ್ದು. ಅವರೇ ನಡೆಸುವ ಕಾಡುನಡಿಗೆ ಸಿಕ್ಕರೆ ಬಿಡಬೇಡಿ, ಯಾವ ಎಲೆ ಮುಟ್ಟಬಾರದು ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ, ಮುಂದಿನ ಎರಡು ದಿನಕ್ಕೆ ಅದು ಬೇಕು. ಹೊಳೆ ತಿಳಿಯಾಗಿ ಕಂಡರೂ ಸೆಳೆತ ಜೋರು. ನೀರು ಕದಡಿದ್ದರೆ, ಮೇಲೆ ಬೆಟ್ಟದಲ್ಲಿ ಮೋಡ ಕಟ್ಟಿದ್ದರೆ, ಕಾಲೂ ಇಳಿಸಬೇಡಿ.

ಹಂತ 7: ನದಿ ದಾಟುವ ಮುಂಚೆ

ಮಾಸ್‌ಮನ್‌ನಲ್ಲಿ ಟ್ಯಾಂಕ್ ತುಂಬಿಸಿ. ಅರ್ಧ ಇದೆ, ಸಾಕು ಅನ್ನಬೇಡಿ. ಮನೆಗೆ, ಮಕ್ಕಳಿಗೆ ಫೋನ್ ಮಾಡಿ ‘ಎರಡು ದಿನ ಸಿಗುವುದಿಲ್ಲ’ ಅಂತ ಹೇಳಿಬಿಡಿ. ಊರಿಗೆ ಮಾಡುವುದಾದರೆ ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಮುಂದೆ, ಅಮ್ಮನನ್ನು ಬೆಳಗಿನ ಜಾವಕ್ಕೆ ಎಬ್ಬಿಸಿಬಿಟ್ಟೀರಿ. ನದಿಯಾಚೆ ಹೆಚ್ಚಿನ ಕಡೆ ಸಿಗ್ನಲ್ ಇಲ್ಲ, ವಿದ್ಯುತ್ ತಂತಿಯೂ ಇಲ್ಲ. ಸೌರಶಕ್ತಿ, ಜನರೇಟರ್‌ಗಳಲ್ಲೇ ಬದುಕು. ಹಾಗಾಗಿ ಹೇರ್ ಡ್ರೈಯರ್, ವಿದ್ಯುತ್ ಕುಕ್ಕರ್ ನಡೆಯುತ್ತದೆಯೇ ಅಂತ ಉಳಿಯುವ ಜಾಗದಲ್ಲಿ ಮೊದಲೇ ಕೇಳಿ.

ಮೊಸಳೆ ನೋಡುವ ದೋಣಿವಿಹಾರ ನದಿಯ ಈ ದಡದಲ್ಲಿಯೇ ಮುಗಿಸಿ. ಚಳಿಗಾಲದಲ್ಲಿ ನೀರು ತಣ್ಣಗಿರುವುದರಿಂದ ಅವು ಇಳಿತದ ಹೊತ್ತಿಗೆ ಕೆಸರಿನ ಮೇಲೆ ಬಂದು ಬಿಸಿಲು ಕಾಯಿಸುತ್ತವೆ. ಟಿಕೆಟ್ ಕೊಳ್ಳುವಾಗ ಇಳಿತ ಎಷ್ಟು ಗಂಟೆಗೆ ಅಂತ ಕೇಳಿ, ಅದಕ್ಕೆ ಹತ್ತಿರದ ದೋಣಿ ಹಿಡಿಯಿರಿ. ಉಬ್ಬರದಲ್ಲಿ ಹೋದವರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು ಮಾತ್ರ ಕಾಣುತ್ತದೆ.

ಡೇಂಟ್ರಿ ನದಿಗೆ ಸೇತುವೆಯಿಲ್ಲ. ಉಕ್ಕಿನ ಹಗ್ಗ ಹಿಡಿದು ಆಚೀಚೆ ಎಳೆದುಕೊಳ್ಳುವ ಫೆರ್ರಿ. ಸಿಗಂದೂರು ಲಾಂಚ್‌ಗೆ ಕಾರು ಹತ್ತಿಸಿ ಗೊತ್ತಿದ್ದವರಿಗೆ ಹೆದರಿಕೆ ಇಲ್ಲ, ದಾಟಲು ಐದು ನಿಮಿಷ. ಹೋಗಿಬರುವ ಟಿಕೆಟ್ ಒಟ್ಟಿಗೇ ಕೊಳ್ಳಿ. ಸ್ಥಳೀಯರಿಗೆ ಬೇರೆ ಸಾಲಿದೆ, ಅದಕ್ಕೆ ನುಗ್ಗಬೇಡಿ. ಹತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ಕಾರಿನೊಳಗೇ ಇರಿ. ಮಧ್ಯಾಹ್ನ ನಾಲ್ಕರೊಳಗೆ ಆಚೆ ದಡದಲ್ಲಿರಬೇಕು. ಅಲ್ಲಿಂದ ಅಲೆಕ್ಸಾಂಡ್ರಾ ಬೆಟ್ಟದ ಕಿರಿದಾದ ತಿರುವುಗಳಿವೆ, ಚಳಿಗಾಲದಲ್ಲಿ ಆರಕ್ಕೆಲ್ಲ ಕತ್ತಲು. ಕತ್ತಲಲ್ಲಿ ವಾಲಬಿಗಳು, ಅಂದರೆ ಸಣ್ಣ ಜಾತಿಯ ಕಾಂಗರೂಗಳು, ರಸ್ತೆಗೆ ಹಾರುತ್ತವೆ.

ಹಂತ 8: ಕಾಡಿನಲ್ಲಿ ಎರಡು ದಿನ

ಉತ್ತರದ ತುದಿಗೆ ಮೊದಲು ಹೋಗಿ, ನಿಧಾನವಾಗಿ ದಕ್ಷಿಣಕ್ಕೆ ಬನ್ನಿ. ಎಲ್ಲರೂ ಮೊದಲು ಸಿಕ್ಕ ಜಾಗದಲ್ಲೇ ಗಂಟೆಗಟ್ಟಲೆ ಕಳೆದು ಕೊನೆಯದನ್ನು ಬಿಡುತ್ತಾರೆ. ಬೆಳಗ್ಗೆ ಕುಲ್ಕಿ ನೋಟದ ಕಟ್ಟೆ, ಆಮೇಲೆ ದುಬುಜಿ, ಮಾರ್ಜ, ಕೊನೆಗೆ ಜಿಂದಾಲ್ಬಾ. ಕೊನೆಯ ಮೂರೂ ಹಲಗೆ ಹಾಸಿದ ಕಾಲುಹಾದಿಗಳು, ಒಂದೊಂದಕ್ಕೂ ಮುಕ್ಕಾಲು ಗಂಟೆ ಸಾಕು. ಒಂದನ್ನೇ ನೋಡುವುದಾದರೆ ಮಾರ್ಜ. ಕಾಡು ಮುಗಿದು ಕಾಂಡ್ಲಾ ಶುರುವಾಗುವ ಗಡಿ ಕಾಲಡಿಯಲ್ಲೇ ಕಾಣುತ್ತದೆ. ಈ ಮಳೆಕಾಡು 1988ರಲ್ಲಿ, ಎದುರಿನ ಹವಳದ ದಿಬ್ಬ 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಎರಡೂ ಒಂದೇ ದಡದಲ್ಲಿ ಮುಖಾಮುಖಿಯಾಗಿ ನಿಂತಿರುವುದನ್ನು ನೋಡಲೆಂದೇ ಇಷ್ಟು ದೂರ ಬರುವುದು.

ಹಲಗೆ ಬಿಟ್ಟು ಇಳಿಯಬೇಡಿ. ಬೆತ್ತದ ಬಳ್ಳಿ ಇಲ್ಲೂ ಇದೆ, ನಮ್ಮ ಬೆತ್ತದ ದಾಯಾದಿ, ಅದರ ಕೊಕ್ಕೆಮುಳ್ಳು ಸಿಕ್ಕಿಕೊಂಡರೆ ಮುಂದೆ ಎಳೆಯದೆ ಹಿಂದೆ ಸರಿದು ಬಿಡಿಸಿಕೊಳ್ಳಬೇಕು. ಹೃದಯಾಕಾರದ ದೊಡ್ಡ ಎಲೆ, ಅಂಚಿನಲ್ಲಿ ಗರಗಸ, ಮೇಲೆ ಸಣ್ಣ ರೋಮ ಕಂಡರೆ ಅದು ಗಿಂಪಿ-ಗಿಂಪಿ. ನಮ್ಮ ತುರುಚೆ ಗಿಡದ ಬಳಗವೇ, ಆದರೆ ತುರುಚೆಯ ಉರಿ ಗಂಟೆಗಳ ಮಾತು, ಇದರದ್ದು ವಾರ, ತಿಂಗಳುಗಳ ಮಾತು. ತಾಗಿದ ಜಾಗವನ್ನು ಉಜ್ಜಬೇಡಿ.

ಮೊಸಳೆ: ಇಲ್ಲಿಯ ಹೊಳೆ, ಅಳಿವೆ, ಸಮುದ್ರ ದಡ ಎಲ್ಲವೂ ಅವುಗಳದ್ದೇ. ಹಳದಿ ಫಲಕದಲ್ಲಿ ಇಂಗ್ಲಿಷ್ ಜೊತೆಗೆ ‘ಅಖ್ತುಂಗ್’ ಅಂತ ಜರ್ಮನ್ ಭಾಷೆಯಲ್ಲೂ ಎಚ್ಚರಿಸಿದ್ದಾರೆ, ಕನ್ನಡದಲ್ಲಿ ಇಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ನೀರಿನ ಅಂಚಿನಿಂದ ಐದು ಮೀಟರ್ ದೂರ ನಿಲ್ಲಿ. ಫಲಕವಿಲ್ಲದ ಕಡೆ ಮೊಸಳೆಯಿಲ್ಲ ಅಂತ ಅರ್ಥವಲ್ಲ. ಸೂರ್ಯಾಸ್ತದಲ್ಲಿ ಪಾದ ನೆನೆಸಿಕೊಂಡು ಇಬ್ಬರೂ ಫೋಟೊ ತೆಗೆಸಿಕೊಳ್ಳುವ ಆಸೆ ಬಿಟ್ಟುಬಿಡಿ. ಕೆಸರಿನಲ್ಲಿ ಅಗಲವಾದ, ಹೊಟ್ಟೆ ಎಳೆದ ಜಾರು ಗುರುತು ಕಂಡರೆ ಬಂದ ದಾರಿಯಲ್ಲೇ ಹಿಂದಕ್ಕೆ.

ಕ್ಯಾಸೊವರಿ: ಆಳೆತ್ತರದ, ನೀಲಿ ಕೊರಳಿನ, ಹಾರಲಾರದ ಹಕ್ಕಿ. ರಸ್ತೆಗೆ ಅಡ್ಡ ಬಂದರೆ ಕಾರು ನಿಲ್ಲಿಸಿ ಒಳಗೇ ಕೂತಿರಿ. ಅಪ್ಪ ಮುಂದೆ ಹೋಯಿತೆಂದರೆ ಹಿಂದೆ ಮರಿಗಳಿರಬಹುದು, ಇವುಗಳಲ್ಲಿ ಮರಿ ಸಾಕುವುದು ಗಂಡು. ನಡೆಯುವಾಗ ಎದುರಾದರೆ ಓಡಬಾರದು, ಬೆನ್ನೂ ಹಾಕಬಾರದು. ಚೀಲವನ್ನು ಎದೆಗೆ ಅಡ್ಡ ಹಿಡಿದು ಮೆಲ್ಲಗೆ ಹಿಂದೆ ಸರಿಯಿರಿ. ಕಾಲಿನ ಒಳಬೆರಳಲ್ಲಿ ಚೂರಿಯಂಥ ಉಗುರಿದೆ. ಬಾಳೆಹಣ್ಣು ಎಸೆಯುವುದು ಪುಣ್ಯವಲ್ಲ, ಅಪರಾಧ.

ಜೆಲ್ಲಿಫಿಶ್ ಕುಟುಕಿದರೆ ಉಜ್ಜದೆ, ಸಿಹಿನೀರು ಹಾಕದೆ, ಕನಿಷ್ಠ ಅರ್ಧ ನಿಮಿಷ ವಿನೆಗರ್ ಸುರಿದು ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಉಗುರಿನಷ್ಟೇ ಗಾತ್ರದ ಇರುಕಾಂಜಿ ಎಂಬುದು ಕುಟುಕಿದ್ದು ಮೊದಲು ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆ ಕಳೆದು ಸೊಂಟ, ಬೆನ್ನು ಹಿಂಡಿದಂತೆ ನೋವು, ಬೆವರು, ವಾಂತಿ ಶುರುವಾಗುತ್ತದೆ. ಊಟದ ದೋಷ ಅಂತ ಕೂರಬೇಡಿ. ಊರುಗಳ ಬೀಚಿನಲ್ಲಿ ಕಟ್ಟುವ ಬಲೆ ದೊಡ್ಡದನ್ನು ತಡೆಯುತ್ತದೆ, ಇದನ್ನಲ್ಲ.

ಮಳೆ ಹಿಡಿದರೆ: ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಆಳ ಅಂದಾಜು ಮಾಡಲು ಹೋಗದೆ ತಿರುಗಿಸಿ. ರಾತ್ರಿಯಿಡೀ ಸುರಿದರೆ ಬೆಳಗ್ಗೆ ಉಳಿದ ಜಾಗದವರನ್ನು ಕೇಳಿ, ಫೆರ್ರಿ ನಡೆಯುತ್ತಿದೆಯೇ, ಹಳ್ಳ ಇಳಿದಿದೆಯೇ ಅಂತ. ಅವರು ‘ಇವತ್ತೇ ಹೊರಡಿ’ ಅಂದರೆ ತಿಂಡಿಗೂ ಕಾಯದೆ ಹೊರಡಿ.

ಹಂತ 9: ಘಟ್ಟ ಹತ್ತಿ ವಾಪಸು

ಆರನೆಯ ದಿನ ಹತ್ತು ಗಂಟೆಗೆ ಫೆರ್ರಿ ದಾಟಿ, ಮಾಸ್‌ಮನ್ ಹತ್ತಿರ ಬಲಕ್ಕೆ ಮೌಂಟ್ ಮೊಲಾಯ್ ರಸ್ತೆ ಹಿಡಿಯಿರಿ. ಬಂದ ಕರಾವಳಿಯಲ್ಲೇ ಮತ್ತೆ ಹೋಗುವುದು ಬೇಡ. ಘಟ್ಟ ಹತ್ತಿದ ಅರ್ಧ ಗಂಟೆಯಲ್ಲಿ ಮಳೆಕಾಡು ಮುಗಿದು ಒಣ ನೀಲಗಿರಿ ಕಾಡು. ಮುಂದೆ ಮರೀಬಾ, ಇಲ್ಲಿ ಕಾಫಿ ಬೆಳೆಯುತ್ತಾರೆ, ಬಟಾಬಯಲಲ್ಲಿ, ನೆರಳುಮರವಿಲ್ಲದೆ. ಚಿಕ್ಕಮಗಳೂರಿನವರು ನೋಡಿದರೆ ತಲೆ ಅಲ್ಲಾಡಿಸುತ್ತಾರೆ. ಸಂಜೆಗೆ ಯುಂಗಬುರಾ.

ಏಳನೆಯ ದಿನ ಬೆಳಗ್ಗೆ ಕರ್ಟನ್ ಫಿಗ್ ಎಂಬ ಮಹಾ ಅತ್ತಿಮರ, ಬಿಸಿಲೇರಿದ ಮೇಲೆ ಜ್ವಾಲಾಮುಖಿ ಸ್ಫೋಟದ ಕುಳಿಯಲ್ಲಿ ನಿಂತ ಈಚಮ್ ಕೆರೆ, ಮಧ್ಯಾಹ್ನ ಮಿಲ್ಲಾ ಮಿಲ್ಲಾ ಜಲಪಾತ. ಐದು ದಿನದಿಂದ ನೀರು ನೋಡಿ ನೋಡಿ ಇಳಿಯದೆ ಬಂದವರಿಗೆ ಈಜುವ ಜಾಗ ಈಚಮ್.

ಇಳಿಯಲು ಗಿಲ್ಲೀಸ್ ರಸ್ತೆ, 19 ಕಿಲೋಮೀಟರಿಗೆ 263 ತಿರುವು. ವಾಂತಿ ಬರುವವರೇ ಓಡಿಸಿ, ಓಡಿಸುವವರಿಗೆ ತಲೆ ಸುತ್ತುವುದು ಕಡಿಮೆ. ಗೇರ್ ತಗ್ಗಿಸಿ ಇಳಿಸಿ. ಬ್ರೇಕ್ ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಆರಲು ಬಿಡಿ.

ವಿಮಾನಕ್ಕೆ ನಾಲ್ಕು ಗಂಟೆ ಮುಂಚೆ ಕೇರ್ನ್ಸ್‌ನಲ್ಲಿರಿ. ಪೆಟ್ರೋಲ್ ತುಂಬಿಸಿದ ರಸೀದಿ ಇಟ್ಟುಕೊಳ್ಳಿ, ಡಿಕ್ಕಿಯ ಮರಳು ಕೊಡವಿ, ಮತ್ತೊಂದು ಸುತ್ತು ವಿಡಿಯೊ ಮಾಡಿ, ಆಮೇಲೆ ಕೀ ಕೊಡಿ. ಕಳೆದ ಸಲ ನಾವು ಡಿಕ್ಕಿ ಕೊಡವಿದಾಗ ಮೂಲೆಯಲ್ಲಿ ಒಂದು ಇಂಬಳ ಸಿಕ್ಕಿತು, ಜೀವಂತ. ಉಪ್ಪಿನ ಪೊಟ್ಟಣ ಅಷ್ಟರಲ್ಲಿ ಸೂಟ್‌ಕೇಸಿನ ಅಡಿ ಸೇರಿತ್ತು.